ಎಂಬತ್ತು ದಾಟಿದ ಮೇಲೆ ಮಹಾಪಧಮನಿಯ ಉಬ್ಬು: ಆಪರೇಷನ್ ಮಾಡಿಸಬೇಕೆ, ಬಿಡಬೇಕೆ?

ಹೃದಯದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿ ಹೊಟ್ಟೆಯೊಳಗೆ ಬಲೂನಿನ ಹಾಗೆ ಉಬ್ಬುವುದನ್ನು ವೈದ್ಯರು ಅಯೋರ್ಟಿಕ್ ಅನ್ಯೂರಿಸಂ ಎನ್ನುತ್ತಾರೆ. ತೀರಾ ವಯಸ್ಸಾದವರಲ್ಲಿ ಇದರ ಚಿಕಿತ್ಸೆ ಕುರಿತು ಬಂದ ಪ್ರಶ್ನೆಗಳಿಗೆ ಈ ಬಾರಿ ರಕ್ತನಾಳ ಶಸ್ತ್ರಚಿಕಿತ್ಸೆ ಮತ್ತು ಹಿರಿಯರ ಆರೈಕೆಯ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ತಂದೆಯವರಿಗೆ 84 ವರ್ಷ. ಮೂತ್ರದ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಮಹಾಪಧಮನಿ 5.8 ಸೆಂ.ಮೀ. ಉಬ್ಬಿದೆ ಎಂದು ಗೊತ್ತಾಯಿತು. ನೋವೇನೂ ಇಲ್ಲ, ದಿನಾ ತೋಟಕ್ಕೆ ಹೋಗಿ ಬರುತ್ತಾರೆ. ಒಬ್ಬ ಡಾಕ್ಟರು ಕೂಡಲೇ ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಈ ವಯಸ್ಸಿನಲ್ಲಿ ಮುಟ್ಟಲೇಬೇಡಿ ಎನ್ನುತ್ತಾರೆ. ಯಾರ ಮಾತು ಕೇಳೋಣ?
– ಓದುಗರು, ದಾವಣಗೆರೆ

ಉತ್ತರ: ಇಬ್ಬರೂ ಅರ್ಧ ಲೆಕ್ಕವನ್ನಷ್ಟೇ ಹೇಳಿದ್ದಾರೆ. ಒಬ್ಬರು ಉಬ್ಬಿನ ಅಳತೆ ನೋಡಿದರು, ಇನ್ನೊಬ್ಬರು ಹುಟ್ಟಿದ ತಾರೀಖು ನೋಡಿದರು. ತೀರ್ಮಾನ ಆಗಬೇಕಾದದ್ದು ಎರಡು ಅಪಾಯಗಳನ್ನು ಒಂದೇ ಕಾಲಾವಧಿಗೆ ಇಟ್ಟು ಹೋಲಿಸಿದಾಗ.

ಮಹಾಪಧಮನಿಯ ಈ ಭಾಗದ ಅಡ್ಡಳತೆ ಸಹಜವಾಗಿ 2 ಸೆಂ.ಮೀ. ಆಸುಪಾಸು. 3 ಮುಟ್ಟಿದರೆ ಅನ್ಯೂರಿಸಂ. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಆದಾಗ ಆಪರೇಷನ್ ಮಾತು ಶುರುವಾಗುತ್ತದೆ. ಆಪರೇಷನ್ ತಡೆಯಲಾರದವರು ಅಥವಾ ಬೇಡವೆಂದವರು ಮುಂದೆ ಏನಾದರು ಎಂಬುದನ್ನು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹಿಂಬಾಲಿಸಿ ನೋಡಿದ್ದಾರೆ. 2002ರಲ್ಲಿ ಬಂದ ಆ ಲೆಕ್ಕದ ಪ್ರಕಾರ 5.5ರಿಂದ 5.9 ಸೆಂ.ಮೀ. ಇದ್ದವರಲ್ಲಿ ವರ್ಷದೊಳಗೆ ಒಡೆದದ್ದು ನೂರಕ್ಕೆ ಸುಮಾರು 9 ಮಂದಿಗೆ. 6ರಿಂದ 6.9ರವರೆಗೆ 10 ಮಂದಿಗೆ. 7 ದಾಟಿದವರಲ್ಲಿ 32 ಮಂದಿಗೆ. ಏಳರ ಹತ್ತಿರ ಅಪಾಯ ಹೇಗೆ ಎಗರುತ್ತದೆ ನೋಡಿ. ಒಡೆದರೆ ಹತ್ತರಲ್ಲಿ ಎಂಟು ಮಂದಿ ಉಳಿಯುವುದಿಲ್ಲ, ಅವರಲ್ಲಿ ಹೆಚ್ಚಿನವರು ಆಸ್ಪತ್ರೆ ತಲುಪುವುದೂ ಇಲ್ಲ.

ಈಗ ಇನ್ನೊಂದು ಕಡೆ. ಎಂಬತ್ತು ದಾಟಿದವರಲ್ಲಿ ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ನಿಂದ ತಿಂಗಳೊಳಗೆ ಸಾಯುವವರು ನೂರಕ್ಕೆ ಸುಮಾರು 8. ತೊಡೆಸಂದಿನಿಂದ ಸ್ಟೆಂಟ್ ಗ್ರಾಫ್ಟ್, ಅಂದರೆ ಬಟ್ಟೆ ಹೊದಿಸಿದ ಲೋಹದ ಜಾಲರಿಯ ಕೊಳವೆ, ಹಾಕಿದರೆ 2ರಿಂದ 4. ಉಬ್ಬಿನ ಅಪಾಯ ವರ್ಷ ವರ್ಷಕ್ಕೆ ಹಂಚಿಕೊಂಡು ಬರುತ್ತದೆ, ಆಪರೇಷನ್ನಿನ ಅಪಾಯ ಮೊದಲ ತಿಂಗಳಲ್ಲೇ ಪೂರ್ತಿ ಬಂದು ನಿಲ್ಲುತ್ತದೆ. ಹಾಗಾಗಿ ಇನ್ನು ನಾಲ್ಕೈದು ವರ್ಷ ಆರಾಮಾಗಿ ಬದುಕುವಂತಿರುವವರಿಗೆ ರಿಪೇರಿಯಿಂದ ಲಾಭ ಸಿಗುತ್ತದೆ. ಹೃದಯದ ದೌರ್ಬಲ್ಯದಿಂದಲೋ ಕ್ಯಾನ್ಸರಿನಿಂದಲೋ ಎರಡು ವರ್ಷವೂ ಕಷ್ಟ ಎನ್ನುವವರಿಗೆ ಲಾಭ ಕೈಗೆ ಬರುವ ಮೊದಲೇ ಕಾಲ ಮುಗಿದಿರುತ್ತದೆ. ಇದು ಬರೀ ತರ್ಕವಲ್ಲ. ತೆರೆದ ಆಪರೇಷನ್ ತಡೆಯಲಾರದ 338 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2005ರಲ್ಲಿ ಹೊರಬಂತು. ಸ್ಟೆಂಟ್ ಹಾಕಿಸಿಕೊಂಡವರು ಹಾಕಿಸಿಕೊಳ್ಳದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ನಂತರದ ವರ್ಷಗಳ ಲೆಕ್ಕದಲ್ಲಿ ಉಬ್ಬಿನಿಂದ ಸಾಯುವುದು ಕಡಿಮೆಯಾದರೂ ಬೇರೆ ಕಾಯಿಲೆಗಳು ಬಿಡಲಿಲ್ಲ.

ನಿಮ್ಮ ತಂದೆಯವರು ತೋಟಕ್ಕೆ ಹೋಗಿ ಬರುತ್ತಾರೆ ಎಂಬುದು ಅವರ ವಯಸ್ಸಿಗಿಂತ ದೊಡ್ಡ ಮಾಹಿತಿ. ಮೊದಲು ಸಿ.ಟಿ. ಆಂಜಿಯೋ, ಅಂದರೆ ರಕ್ತನಾಳಕ್ಕೆ ಬಣ್ಣದ ದ್ರವ ಹಾಕಿ ತೆಗೆಯುವ ಸಿ.ಟಿ. ಸ್ಕ್ಯಾನ್, ಮಾಡಿಸಿ. ಅಲ್ಟ್ರಾಸೌಂಡ್ ಅಳತೆಗೂ ಸಿ.ಟಿ. ಅಳತೆಗೂ ಮೂರ್ನಾಲ್ಕು ಮಿ.ಮೀ. ವ್ಯತ್ಯಾಸ ಬರುವುದುಂಟು. ಸ್ಟೆಂಟ್ ಕೂರುತ್ತದೋ ಇಲ್ಲವೋ ತಿಳಿಯುವುದೂ ಅದರಿಂದಲೇ. ನೋವಿಲ್ಲದಿದ್ದರೆ ಎರಡು ವಾರದೊಳಗೆ ರಕ್ತನಾಳದ ಸರ್ಜನ್ನರಿಗೆ ತೋರಿಸಿದರೆ ಸಾಕು, ಮರುದಿನವೇ ಓಡಬೇಕಿಲ್ಲ. ಹೊಟ್ಟೆಯಲ್ಲೋ ಬೆನ್ನಲ್ಲೋ ಹೊಸದಾಗಿ ನೋವು ಬಂದರೆ ಮಾತ್ರ ಅದೇ ದಿನ, ಅದೇ ಗಂಟೆ ಹೊರಡಿ. ಬೆನ್ನುನೋವು ಕಿಡ್ನಿ ಕಲ್ಲಿನದೇ ಎಂದು ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುವುದು ಈ ಕಾಯಿಲೆಯಲ್ಲಿ ಆಗುವ ಅತಿ ದುಬಾರಿ ತಪ್ಪು.

ಪ್ರಶ್ನೆ: ತಾಯಿಗೆ 81. ಉಬ್ಬು 5.4 ಸೆಂ.ಮೀ. ಸ್ಟೆಂಟ್ ಸುಲಭ ಎಂದುಕೊಂಡಿದ್ದೆವು. ಸಿ.ಟಿ. ನೋಡಿ “ನೆಕ್ ಚಿಕ್ಕದು, ಹೊಟ್ಟೆ ತೆರೆಯಬೇಕಾಗಬಹುದು” ಎಂದರು. ಹಾಗೆಂದರೇನು? ತೆರೆದರೆ ಏನೇನು ಆಗಬಹುದು?
– ಓದುಗರು, ಶಿವಮೊಗ್ಗ

ಉತ್ತರ: ಕಿಡ್ನಿಗೆ ಹೋಗುವ ರಕ್ತನಾಳಗಳ ಕೆಳಗೆ, ಉಬ್ಬು ಶುರುವಾಗುವ ಮೊದಲು ಮಹಾಪಧಮನಿಯ ಒಂದು ತುಂಡು ಸರಿಯಾದ ಅಳತೆಯಲ್ಲಿ ಉಳಿದಿರುತ್ತದೆ. ಅದೇ ನೆಕ್. ಸ್ಟೆಂಟ್ ಗ್ರಾಫ್ಟಿನ ಮೇಲ್ತುದಿ ಕಚ್ಚಿಕೊಳ್ಳುವುದು ಅಲ್ಲಿ. ಸಾಮಾನ್ಯ ಸ್ಟೆಂಟಿಗೆ ಕನಿಷ್ಠ 10ರಿಂದ 15 ಮಿ.ಮೀ. ಉದ್ದದ ನೆಕ್ ಬೇಕು, ಅದು 60 ಡಿಗ್ರಿಗಿಂತ ಹೆಚ್ಚು ಬಾಗಿರಬಾರದು, ಒಳಗೆ ಹೆಪ್ಪು ಮೆತ್ತಿಕೊಂಡಿರಬಾರದು. ಕೆಳಗಡೆ ತೊಡೆಯಿಂದ ಮೇಲೇರುವ ನಾಳಗಳು ಆರೇಳು ಮಿ.ಮೀ. ಆದರೂ ಅಗಲವಿರಬೇಕು, ಇಲ್ಲದಿದ್ದರೆ ಸಾಧನ ಹತ್ತುವುದಿಲ್ಲ, ಬಲವಂತ ಮಾಡಿದರೆ ನಾಳ ಹರಿಯುತ್ತದೆ. ಹೆಂಗಸರಲ್ಲಿ ನಾಳಗಳು ಸಣ್ಣವು, ನೆಕ್ ಗಿಡ್ಡ. ನಿಮ್ಮ ತಾಯಿಗೆ ಎದುರಾದ ತೊಂದರೆ ಹೆಂಗಸರಲ್ಲಿ ಪದೇ ಪದೇ ಕಾಣುವಂಥದ್ದೇ. ಗಿಡ್ಡ ನೆಕ್ಕಿಗೆ ಹೇಗೋ ಸಾಮಾನ್ಯ ಸ್ಟೆಂಟ್ ಹಾಕಿದರೆ ಪಕ್ಕದಿಂದ ರಕ್ತ ಸೋರಿ ಉಬ್ಬಿಗೆ ಮತ್ತೆ ಒತ್ತಡ ಬೀಳುತ್ತದೆ. ಹಾಕಿಯೂ ಹಾಕದಂತೆ.

ತೆರೆದ ಆಪರೇಷನ್ ಮೂರ್ನಾಲ್ಕು ಗಂಟೆಯ ಕೆಲಸ. ಎದೆಮೂಳೆಯ ತುದಿಯಿಂದ ಹೊಕ್ಕುಳ ದಾಟಿ ಕೊಯ್ದು, ಕರುಳನ್ನು ಬಲಕ್ಕೆ ಸರಿಸಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಉಬ್ಬಿನ ಮೇಲೂ ಕೆಳಗೂ ಕ್ಲ್ಯಾಂಪ್ ಹಾಕುತ್ತಾರೆ. ಮೊದಲ ಪೆಟ್ಟು ಬೀಳುವುದು ಇಲ್ಲೇ. ದೇಹದ ಕೆಳಭಾಗಕ್ಕೆ ರಕ್ತದ ದಾರಿ ಮುಚ್ಚಿದ ಕ್ಷಣ ಹೃದಯ ಒಮ್ಮೆಲೇ ಹೆಚ್ಚಿನ ಒತ್ತಡದ ಎದುರು ತಳ್ಳಬೇಕು. ಹಳೆಯ ಹೃದಯಾಘಾತದ ಕಲೆ ಇದ್ದರೆ ಅದು ಇಲ್ಲಿ ತಲೆ ಎತ್ತುತ್ತದೆ. ಉಬ್ಬನ್ನು ಸೀಳಿ, ಒಳಗಿನ ಹೆಪ್ಪು ತೆಗೆದು, ಬೆನ್ನಿನ ಕಡೆಯಿಂದ ರಕ್ತ ಒಸರುವ ಸಣ್ಣ ನಾಳಗಳಿಗೆ ಹೊಲಿಗೆ ಹಾಕಿ, ಡೇಕ್ರಾನ್ ಎಂಬ ಪಾಲಿಯೆಸ್ಟರ್ ಕೊಳವೆಯನ್ನು ಜೋಡಿಸುತ್ತಾರೆ. ಮುದುಕರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿರುತ್ತದೆ. ಸೂಜಿ ಚುಚ್ಚಿದಲ್ಲಿ ಬಿರುಕು ಬಿಡುತ್ತದೆ, ಕ್ಲ್ಯಾಂಪ್ ಹಾಕಿದಲ್ಲಿ ಚೂರುಗಳು ಎದ್ದು ಕಾಲಿಗೆ ಹೋಗಿ ಬೆರಳು ಕಪ್ಪಾಗುತ್ತವೆ. ಎರಡನೆಯ ಪೆಟ್ಟು ಕ್ಲ್ಯಾಂಪ್ ಬಿಚ್ಚುವಾಗ: ಬಿ.ಪಿ. ದಿಢೀರನೆ ಇಳಿಯುತ್ತದೆ, ಕಾಲುಗಳಲ್ಲಿ ನಿಂತಿದ್ದ ಆಮ್ಲ, ಪೊಟ್ಯಾಸಿಯಂ ಎಲ್ಲ ಒಟ್ಟಿಗೆ ಹೃದಯಕ್ಕೆ ಬರುತ್ತದೆ. ಅದಕ್ಕೇ ನುರಿತ ಅರಿವಳಿಕೆ ತಜ್ಞರು ಮೊದಲೇ ದ್ರವ ಏರಿಸಿಟ್ಟುಕೊಂಡು ನಿಧಾನವಾಗಿ ಬಿಚ್ಚಲು ಹೇಳುತ್ತಾರೆ.

ನೆಕ್ ಗಿಡ್ಡವಾದ್ದರಿಂದ ನಿಮ್ಮ ತಾಯಿಯವರಲ್ಲಿ ಕ್ಲ್ಯಾಂಪನ್ನು ಕಿಡ್ನಿ ನಾಳಗಳ ಮೇಲೆ ಹಾಕಬೇಕಾಗಬಹುದು. ಅಲ್ಲಿ ಅರ್ಧ ಗಂಟೆ ಮೀರಿದರೆ ಕಿಡ್ನಿ ಮುನಿಯುತ್ತದೆ. ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಮೊದಲೇ ಹೆಚ್ಚಿದ್ದವರಿಗೆ ಡಯಾಲಿಸಿಸ್ ಬೇಕಾಗುವ ಸಾಧ್ಯತೆಯನ್ನು ಆಪರೇಷನ್‌ಗೆ ಮುಂಚೆಯೇ ಮಾತಾಡಿಕೊಳ್ಳಿ. ಇನ್ನೊಂದು ಅಂಗ ದೊಡ್ಡ ಕರುಳಿನ ಎಡಭಾಗ. ಅದಕ್ಕೆ ರಕ್ತ ಕೊಡುವ ನಾಳ ಉಬ್ಬಿನಿಂದಲೇ ಹೊರಡುವುದರಿಂದ ಸಾಮಾನ್ಯವಾಗಿ ಅದನ್ನು ಕಟ್ಟಿಬಿಡುತ್ತಾರೆ. ನೂರಕ್ಕೆ ಒಬ್ಬಿಬ್ಬರಲ್ಲಿ ಆ ಕರುಳು ಸಾಯುತ್ತದೆ. ಮೊದಲ ಮೂರು ದಿನದೊಳಗೆ ರಕ್ತ ಬೆರೆತ ಭೇದಿಯಾದರೆ “ಹೊಟ್ಟೆ ಸರಿಹೋಗ್ತಿದೆ” ಎಂದು ಸಮಾಧಾನ ಪಡಬೇಡಿ, ತಕ್ಷಣ ನರ್ಸಿಗೆ ಹೇಳಿ.

ನಡುವಿನ ದಾರಿಯೊಂದಿದೆ: ಕಿಡ್ನಿ ನಾಳಗಳಿಗೆ ಕಿಂಡಿ ಬಿಟ್ಟು ಅವರ ಅಳತೆಗೇ ತಯಾರಿಸಿದ ಸ್ಟೆಂಟ್. ಅದು ತಯಾರಾಗಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಸಾಮಾನ್ಯ ಸ್ಟೆಂಟ್ ಗ್ರಾಫ್ಟೇ ಹಲವು ಲಕ್ಷ, ಇದು ಅದಕ್ಕಿಂತ ಬಹಳ ಹೆಚ್ಚು. ಇಂಥದ್ದನ್ನು ಆಗಾಗ ಮಾಡುವ ಕೇಂದ್ರದಲ್ಲೇ ಮಾಡಿಸಬೇಕು. ಉಬ್ಬು 5.4 ಆದ್ದರಿಂದ ವಿಚಾರಿಸಲು ನಿಮಗೆ ಸಮಯವಿದೆ.

ಪ್ರಶ್ನೆ: ಮಾವನವರ ಎಕೋ ಚೆನ್ನಾಗಿದೆ, ಹಾರ್ಟ್ 60 ಪರ್ಸೆಂಟ್ ಪಂಪ್ ಮಾಡುತ್ತಿದೆ ಎಂದರು. ಆದರೂ ಕುರ್ಚಿಯಿಂದ ಏಳಿಸಿ ನಡೆಸಿ ನೋಡಿದರು, ತೂಕ ಇಳಿದಿದೆಯೇ ಎಂದೆಲ್ಲ ಕೇಳಿದರು. ಇದೆಲ್ಲ ಯಾಕೆ? ಮೊದಲು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡರೆ ಸೇಫ್ ಅಲ್ಲವೆ?
– ಓದುಗರು, ಹುಬ್ಬಳ್ಳಿ

ಉತ್ತರ: ಕುರ್ಚಿಯಿಂದ ಏಳಿಸಿ ನಡೆಸಿದವರು ತಮ್ಮ ಕೆಲಸ ಬಲ್ಲವರು. ಎಂಬತ್ತರ ಮೇಲೆ ಆಪರೇಷನ್ ತಡೆದುಕೊಳ್ಳುವುದು ಹೃದಯ ಒಂದೇ ಅಲ್ಲ, ಇಡೀ ದೇಹದಲ್ಲಿ ಉಳಿದಿರುವ ಕಸುವು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರ ಬೇಕು. ವರ್ಷದಲ್ಲಿ ತಾನಾಗಿ ನಾಲ್ಕೂವರೆ ಕೆ.ಜಿ. ಇಳಿದಿದ್ದರೆ, ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ 3.5ಕ್ಕಿಂತ ಕಡಿಮೆಯಿದ್ದರೆ, ಎರಡು ಮಹಡಿ ಒಂದೇ ದಮ್ಮಿಗೆ ಹತ್ತಲಾಗದಿದ್ದರೆ ಗಾಯ ಮಾಯುವುದೂ ವೆಂಟಿಲೇಟರ್ ಬಿಡುವುದೂ ತಡವಾಗುತ್ತದೆ. ಇಂಥವರು ಆಪರೇಷನ್ ಟೇಬಲ್ಲಿನ ಮೇಲೆ ಸಾಯುವುದು ಅಪರೂಪ. ಹತ್ತನೆಯ ದಿನ ನ್ಯುಮೋನಿಯಾದಿಂದ ಹೋಗುತ್ತಾರೆ, ಅಥವಾ ಬದುಕಿ ಮನೆಗೆ ಬಂದರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಮನೆಯವರು ಕೇಳಬೇಕಾದ ಪ್ರಶ್ನೆ “ಬದುಕ್ತಾರಾ?” ಒಂದೇ ಅಲ್ಲ. “ಮೊದಲಿನ ಹಾಗೆ ತಾವೇ ಬಚ್ಚಲಿಗೆ ಹೋಗಿ ಬರ್ತಾರಾ?” ಎಂದೂ ಕೇಳಿ.

ಕಸುವು ಕಡಿಮೆ ಎಂದು ಬಂದರೆ, ಉಬ್ಬು ತೀರಾ ದೊಡ್ಡದಲ್ಲದಿದ್ದರೆ ನಾಲ್ಕರಿಂದ ಆರು ವಾರ ತಯಾರಿ ಮಾಡಿಸಬಹುದು. ದಿನಾ ನಡಿಗೆ, ಮೂರು ಚೆಂಡಿನ ಉಸಿರಾಟದ ಯಂತ್ರ, ಬೀಡಿ ಸಿಗರೇಟು ಪೂರ್ತಿ ಬಂದ್. ತೂಕದ ಪ್ರತಿ ಕೆ.ಜಿ.ಗೆ 1.2 ಗ್ರಾಂ ಪ್ರೋಟೀನ್ ಬೇಕು: 50 ಕೆ.ಜಿ. ಇರುವವರಿಗೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಲೋಟ ಹಾಲಲ್ಲಿ 6ರಿಂದ 7, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಗಂಜಿ, ಎರಡು ಇಡ್ಲಿ, ತಿಳಿಸಾರು ಅನ್ನದಲ್ಲಿ ದಿನ ಕಳೆಯುವ ಅಜ್ಜಂದಿರಿಗೆ ಇದರ ಅರ್ಧವೂ ಸೇರುವುದಿಲ್ಲ. ಕಿಡ್ನಿ ಕಾಯಿಲೆ ಇದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಿ.

ಎದೆನೋವು ಇಲ್ಲದ, ಸ್ಥಿರವಾಗಿರುವ ಹೃದಯಕ್ಕೆ ಮೊದಲು ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿ ಆಮೇಲೆ ರಕ್ತನಾಳದ ಆಪರೇಷನ್ ಮಾಡಿದರೆ ಲಾಭವಿಲ್ಲ ಎಂದು 2004ರಲ್ಲೇ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿದೆ. ಮೇಲಾಗಿ ಹೃದಯದ ಸ್ಟೆಂಟ್ ಹಾಕಿದರೆ ಎರಡು ಬಗೆಯ ರಕ್ತ ತೆಳು ಮಾತ್ರೆ ಶುರುವಾಗಿ ಹೊಟ್ಟೆಯ ಆಪರೇಷನ್ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್, ಆಸ್ಪಿರಿನ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯದ ಬಡಿತ ನಿಧಾನಗೊಳಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಬೇಕು. ಆಪರೇಷನ್ ದಿನ ಹೊಸದಾಗಿ ಶುರು ಮಾಡಬಾರದು: ಹಾಗೆ ಮಾಡಿದಾಗ ಹೃದಯಾಘಾತ ಕಡಿಮೆಯಾದರೂ ಲಕ್ವ ಮತ್ತು ಸಾವು ಹೆಚ್ಚಿದ್ದು 2008ರಲ್ಲಿ ಗೊತ್ತಾಗಿದೆ. ನಿದ್ದೆಗೆಂದು ವರ್ಷಗಳಿಂದ ಆಲ್‌ಪ್ರಾಜೊಲಾಮ್ ನುಂಗುತ್ತಿದ್ದರೆ, ರಾತ್ರಿ ಸ್ವಲ್ಪ ಕುಡಿಯುವ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ. ಯಾಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ತಂದೆಗೆ 83. ತೆರೆದ ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ರಾತ್ರಿಯಿಂದ ಕೂಗಾಡುತ್ತಾರೆ, ನಳಿಗೆ ಕಿತ್ತುಕೊಳ್ಳುತ್ತಾರೆ, ನನ್ನನ್ನೇ ಗುರುತಿಸಲಿಲ್ಲ. ಮಿದುಳಿಗೆ ಏನಾದರೂ ಆಯಿತೇ?
– ಓದುಗರು, ಮೈಸೂರು

ಉತ್ತರ: ಇದು ಸನ್ನಿ, ಅಂದರೆ ದಿಢೀರನೆ ಬರುವ ಬುದ್ಧಿಯ ಗೊಂದಲ. ಇಷ್ಟು ದೊಡ್ಡ ಆಪರೇಷನ್ ಆದ ಮುದುಕರಲ್ಲಿ ಮೊದಲ ಮೂರ್ನಾಲ್ಕು ದಿನ ತೀರಾ ಸಾಮಾನ್ಯ. ಸಾಮಾನ್ಯ ಎಂದು ಸುಮ್ಮನಿರುವಂಥದ್ದಲ್ಲ, ಏಕೆಂದರೆ ಹಲವು ಸಲ ಸನ್ನಿಯೇ ಬೇರೆ ತೊಡಕಿನ ಮೊದಲ ಸುಳಿವು. ಆಮ್ಲಜನಕ ಇಳಿದಿದೆಯೇ, ಸೋಡಿಯಂ ಏರುಪೇರಾಗಿದೆಯೇ, ಮೂತ್ರ ಕಟ್ಟಿದೆಯೇ, ಮಲ ಕಟ್ಟಿದೆಯೇ, ಜ್ವರವಿದೆಯೇ, ನೋವು ತಡೆಯಲಾಗದೆ ಹೀಗೆ ಮಾಡುತ್ತಿದ್ದಾರೆಯೇ ಎಂದು ನೋಡಬೇಕು. ಈ ವಯಸ್ಸಿನಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುತ್ತದೆ, ಒಂದು ಇ.ಸಿ.ಜಿ. ತೆಗೆಸಲಿ. ರಾತ್ರಿಯ ಮಾತ್ರೆಯೋ ಮದ್ಯವೋ ಒಮ್ಮೆಲೇ ನಿಂತರೂ ಇದೇ ಚಿತ್ರ.

ನೀವು ಮಾಡಬಹುದಾದ್ದು ಬಹಳ ಇದೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮನೆಯಲ್ಲೇ ಉಳಿದಿರುತ್ತವೆ: ತಂದು ಹಾಕಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಮಂದವಾಗಿರಲಿ. ಪರಿಚಯದ ಒಬ್ಬರೇ ಪಕ್ಕದಲ್ಲಿದ್ದು ದಿನ, ಊರು, ಏನಾಗಿದೆ ಎಂದು ಮೆಲ್ಲಗೆ ಹೇಳುತ್ತಿರಲಿ. ಹತ್ತು ಜನ ಬಂದು “ನಾನು ಯಾರು ಹೇಳು” ಎಂದು ಪರೀಕ್ಷೆ ಮಾಡುವುದು ಬೇಡ. ಮೂತ್ರದ ನಳಿಗೆ ಯಾವತ್ತು ತೆಗೆಯುತ್ತೀರಿ ಎಂದು ದಿನಾ ಕೇಳಿ. ಕೈಕಾಲು ಕಟ್ಟಿದರೆ ಸನ್ನಿ ಹೆಚ್ಚುತ್ತದೆ. ಮಲಗಿಸಲೆಂದು ಕೊಡುವ ಫೆನರ್ಗಾನ್, ಲೊರಾಜೆಪಾಮ್ ಇಂಜೆಕ್ಷನ್ನುಗಳೂ ಹೆಚ್ಚಿಸುತ್ತವೆ, ಮದ್ಯ ಅಥವಾ ನಿದ್ದೆ ಮಾತ್ರೆ ಬಿಟ್ಟದ್ದರಿಂದ ಬಂದ ಸನ್ನಿಗೆ ಮಾತ್ರ ಎರಡನೆಯದು ಸರಿ. ಕೂಗಾಡದೆ ಮಂಕಾಗಿ ಬಿದ್ದಿರುವ ಸನ್ನಿಯೂ ಇದೆ. “ಪಾಪ, ಸುಸ್ತಾಗಿ ಮಲಗಿದ್ದಾರೆ” ಎಂದು ಎಲ್ಲರೂ ಬಿಟ್ಟುಬಿಡುವುದರಿಂದ ಅದೇ ಹೆಚ್ಚು ಅಪಾಯ. ಬಹುಪಾಲು ಜನ ದಿನಗಳಲ್ಲಿ, ಕೆಲವರು ವಾರಗಳಲ್ಲಿ ತಿಳಿಯಾಗುತ್ತಾರೆ. ಮೊದಲೇ ಮರೆವು ಇದ್ದವರಲ್ಲಿ ಸ್ವಲ್ಪ ಭಾಗ ಹಿಂದಿರುಗದೆ ಉಳಿಯಬಹುದು.

ಪ್ರಶ್ನೆ: 97ನೇ ವಯಸ್ಸಿನಲ್ಲಿ ಒಬ್ಬ ಪ್ರಸಿದ್ಧ ಡಾಕ್ಟರಿಗೇ ಮಹಾಪಧಮನಿಯ ಆಪರೇಷನ್ ಆಗಿ ಬದುಕಿದರಂತೆ. ಹಾಗಿದ್ದರೆ ನಮ್ಮ ತಾತನಿಗೆ 92 ಎಂದು ಯಾಕೆ ಹಿಂಜರಿಯಬೇಕು?
– ಓದುಗರು, ಬೆಂಗಳೂರು

ಉತ್ತರ: ನೀವು ಹೇಳುತ್ತಿರುವುದು ಮೈಕೆಲ್ ಡಿಬೇಕಿ ಅವರ ವಿಷಯ. ಮಹಾಪಧಮನಿಯ ಆಪರೇಷನ್ನುಗಳಿಗೆ ದಾರಿ ಹಾಕಿದವರಲ್ಲಿ ಒಬ್ಬರು. 2005ರ ಕೊನೆಯ ದಿನ ಅವರಿಗೆ ಎದೆಯ ಭಾಗದ ಮಹಾಪಧಮನಿಯ ಒಳಪದರವೇ ಸೀಳಿತು. ಅದು ಹೊಟ್ಟೆಯ ಉಬ್ಬಲ್ಲ, ಬೇರೆಯೇ ತೊಂದರೆ. ಆಪರೇಷನ್ ಬೇಡ ಎಂದಿದ್ದರು. 2006ರ ಫೆಬ್ರವರಿಯಲ್ಲಿ ಪ್ರಜ್ಞೆ ತಪ್ಪಿದ ಮೇಲೆ ಹ್ಯೂಸ್ಟನ್ನಿನ ಆಸ್ಪತ್ರೆಯ ನೈತಿಕ ಸಮಿತಿ ಸೇರಿ, ವಾದ ನಡೆದು, ಕೊನೆಗೆ ಮಾಡಿದರು. ವಾರಗಟ್ಟಲೆ ವೆಂಟಿಲೇಟರ್. ಮನೆಗೆ ಹೋದದ್ದು ಸೆಪ್ಟೆಂಬರಿನಲ್ಲಿ. ಖರ್ಚು ಹತ್ತು ಲಕ್ಷ ಡಾಲರಿಗೂ ಮಿಕ್ಕಿ. ಆಪರೇಷನ್ ಮಾಡಿದ್ದು ಒಳ್ಳೆಯದಾಯಿತು ಎಂದು ಆಮೇಲೆ ಅವರೇ ಹೇಳಿದರು, 2008ರ ಜುಲೈಯಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು ತುದಿಯಲ್ಲಿ ಐನ್‌ಸ್ಟೀನ್. 1948ರಲ್ಲಿ ಅವರ ಹೊಟ್ಟೆಯ ಉಬ್ಬಿಗೆ ಸರ್ಜನ್ ರುಡಾಲ್ಫ್ ನಿಸೆನ್ ಸೆಲ್ಲೋಫೇನ್ ಹಾಳೆ ಸುತ್ತಿದ್ದರು, ಆಗ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. 1955ರಲ್ಲಿ ಉಬ್ಬು ಒಡೆದಾಗ ಆಪರೇಷನ್ ಒಲ್ಲೆನೆಂದು 76ನೇ ವಯಸ್ಸಿನಲ್ಲಿ ಹೋದರು. ಎರಡರಲ್ಲಿ ಯಾವುದೂ ನಿಮ್ಮ ತಾತನಿಗೆ ಮಾದರಿಯಲ್ಲ. 92 ಎಂಬ ಅಂಕಿಯಿಂದಲೇ ಯಾರೂ ಬಾಗಿಲು ಹಾಕಬಾರದು, ಸರಿ. ಆದರೆ ಅವರಿಗೆ ಬುದ್ಧಿ ಚುರುಕಾಗಿದ್ದರೆ ಅವರನ್ನೇ ಕೂರಿಸಿಕೊಂಡು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಮೊಮ್ಮಕ್ಕಳ ಅಭಿಪ್ರಾಯವಿದೆ, ತಾತನದಿಲ್ಲ.

ಪ್ರಶ್ನೆ: ಅಜ್ಜಿಗೆ 91, ಮರೆವಿನ ಕಾಯಿಲೆ ಇದೆ. ಉಬ್ಬು 6.5. ಆಪರೇಷನ್ ಬೇಡ ಎಂದು ಮನೆಯವರೆಲ್ಲ ನಿರ್ಧರಿಸಿದ್ದೇವೆ. ಈಗೇನು ಮಾಡಬೇಕು? ಒಡೆದರೆ?
– ಓದುಗರು, ಶಿರಸಿ

ಉತ್ತರ: ಸರಿಯಾದ ತೀರ್ಮಾನ ಎಂದೇ ನಮ್ಮ ಅಭಿಪ್ರಾಯ. ಇನ್ನು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಹೋಗಬೇಡಿ. ಎಷ್ಟೇ ಬಂದರೂ ಏನೂ ಮಾಡುವುದಿಲ್ಲ ಎಂದ ಮೇಲೆ ಆ ಅಂಕಿ ಕೊಡುವುದು ಹೆದರಿಕೆಯನ್ನಷ್ಟೇ. ಬಿ.ಪಿ. ಮಾತ್ರೆ ಮುಂದುವರಿಯಲಿ, ಆದರೆ ತಲೆಸುತ್ತಿ ಬೀಳುವಷ್ಟು ಇಳಿಸುವುದು ಬೇಡ. ಸಹಜವಾಗಿ ಓಡಾಡಲಿ, ಕೆಮ್ಮಿದರೆ ಒಡೆಯುತ್ತದೆ ಎಂದು ಹಾಸಿಗೆಗೆ ಕಟ್ಟಿಹಾಕಬೇಡಿ.

ಒಡೆದರೆ ಏನು ಎಂಬುದನ್ನು ಈಗಲೇ, ತಲೆ ತಣ್ಣಗಿರುವಾಗ ಗೊತ್ತು ಮಾಡಿಕೊಳ್ಳಿ. ಒಮ್ಮೆಲೇ ಹೊಟ್ಟೆ ಅಥವಾ ಬೆನ್ನಲ್ಲಿ ತೀವ್ರ ನೋವು, ಬೆವರು, ಮುಖ ಬಿಳಿಚುವುದು, ಎಚ್ಚರ ತಪ್ಪುವುದು. ಕೆಲವರಿಗೆ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವರಿಗೆ ಗಂಟೆಗಳು, ಒಂದೆರಡು ದಿನವೂ ಹಿಡಿಯಬಹುದು. ಆಗ ಬೇಕಾದದ್ದು ನೋವು ಶಮನ. ಮಾರ್ಫಿನ್ ಮಾತ್ರೆ ಔಷಧಿ ಅಂಗಡಿಯಲ್ಲಿ ಸುಮ್ಮನೆ ಸಿಗುವಂಥದ್ದಲ್ಲ. ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಇರುವ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿ, ರಾತ್ರಿ ಕರೆದರೆ ಬರುವ ಸ್ಥಳೀಯ ವೈದ್ಯರು ಯಾರು ಎಂದು ಮಾತಾಡಿಟ್ಟುಕೊಳ್ಳಿ. ದೂರದ ದೊಡ್ಡ ಆಸ್ಪತ್ರೆಗೆ ಘಟ್ಟ ಇಳಿಸಿಕೊಂಡು ಓಡಬೇಕೋ ಬೇಡವೋ, ಎದೆ ಒತ್ತಿ ಬದುಕಿಸುವ ಪ್ರಯತ್ನ, ವೆಂಟಿಲೇಟರ್ ಬೇಕೋ ಬೇಡವೋ ಎಂಬುದನ್ನು ಕಾಗದದಲ್ಲಿ ಬರೆದು ವೈದ್ಯರ ಸಹಿಯೊಂದಿಗೆ ಫೈಲಿನ ಮೇಲೆಯೇ ಇಡಿ. ಆ ರಾತ್ರಿ ಮನೆಯಲ್ಲಿ ಇರುವುದು ಕೆಲಸದಾಕೆಯೋ ಊರಿಂದ ಬಂದ ನೆಂಟರೋ ಆಗಿರಬಹುದು, ಅವರಿಗೂ ತಿಳಿದಿರಲಿ.

ಅಜ್ಜಿಗೆ ಮರೆವು ಬಂದಿರುವುದರಿಂದ ಮುಂದೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಮುಂಚಿತ ಇಚ್ಛಾಪತ್ರವನ್ನು ಅವರು ಮಾಡುವ ಕಾಲ ಮೀರಿದೆ. ಆದರೆ ಬುದ್ಧಿ ನೆಟ್ಟಗಿರುವ ಇತರ ಹಿರಿಯರು ಮಾಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಪ್ರಶ್ನೆ: ನನಗೆ 79. ಉಬ್ಬು 4.6, ವರ್ಷಕ್ಕೊಮ್ಮೆ ನೋಡೋಣ ಎಂದಿದ್ದಾರೆ. ಏನು ಮಾಡಬಾರದು?
– ಓದುಗರು, ಮಂಗಳೂರು

ಉತ್ತರ: ತಂಬಾಕು ಬಿಡಿ, ಉಬ್ಬು ಬೇಗ ಬೆಳೆಯಲು ಅದೇ ದೊಡ್ಡ ಕಾರಣ. 4.5 ದಾಟಿರುವುದರಿಂದ ವರ್ಷದ ಬದಲು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡೋಣವೇ ಎಂದು ಕೇಳಿ, ವರ್ಷದಲ್ಲಿ 1 ಸೆಂ.ಮೀ. ಬೆಳೆದರೆ ಕಾಯುವಂತಿಲ್ಲ. ಮೂತ್ರದ ಸೋಂಕಿಗೋ ಭೇದಿಗೋ ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್ ತೆಗೆದುಕೊಳ್ಳಬೇಡಿ. ಮಹಾಪಧಮನಿ ಸೀಳುವ, ಒಡೆಯುವ ಅಪಾಯ ಈ ಗುಂಪಿನ ಔಷಧಿಗಳಿಂದ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಬೇರೆ ದಾರಿ ಇಲ್ಲವೆಂದು ನಿಮ್ಮ ಉಬ್ಬಿನ ಬಗ್ಗೆ ಗೊತ್ತಿರುವ ವೈದ್ಯರು ಹೇಳಿದರೆ ಮಾತ್ರ ಬೇರೆ ಮಾತು.

ಪ್ರಶ್ನೆ: ಅಮ್ಮನಿಗೆ 86. ಸ್ಟೆಂಟ್ ಹಾಕಿ ಮೂರು ದಿನಕ್ಕೆ ಮನೆಗೆ ಕಳಿಸಿದರು. ಚೆನ್ನಾಗಿದ್ದಾರೆ. ಮತ್ತೆ ಪ್ರತಿ ವರ್ಷ ಸಿ.ಟಿ. ಯಾಕೆ? ಕ್ರಿಯಾಟಿನಿನ್ 1.8 ಇದೆ.
– ಓದುಗರು, ಕಲಬುರಗಿ

ಉತ್ತರ: ಸ್ಟೆಂಟಿನ ಸಾಲ ಆಮೇಲೆ ತೀರಿಸುವಂಥದ್ದು. ಉಬ್ಬು ಹೊಟ್ಟೆಯಲ್ಲೇ ಇರುತ್ತದೆ, ರಕ್ತ ಮಾತ್ರ ಸ್ಟೆಂಟಿನೊಳಗೆ ಹರಿಯುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಬೆನ್ನಿನ ಸಣ್ಣ ನಾಳಗಳಿಂದ ಹಿಮ್ಮುಖವಾಗಿ ಉಬ್ಬಿನೊಳಗೆ ರಕ್ತ ಸೋರುತ್ತದೆ, ಉಬ್ಬು ಬೆಳೆಯದಿದ್ದರೆ ಅದನ್ನು ನೋಡುತ್ತಾ ಇರಬಹುದು. ಸ್ಟೆಂಟಿನ ಮೇಲ್ತುದಿ, ಕೆಳತುದಿ ಅಥವಾ ಜೋಡಣೆಯಲ್ಲಿ ಸೋರಿದರೆ ಮಾತ್ರ ರಿಪೇರಿ ಮಾಡಲೇಬೇಕು. ಅಮ್ಮನ ಕಿಡ್ನಿಗೆ ಬಣ್ಣದ ದ್ರವ ಹಾಕುವ ಸಿ.ಟಿ. ಪದೇ ಪದೇ ಒಳ್ಳೆಯದಲ್ಲ. ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್ ಆದ ಡಾಪ್ಲರ್ ಸ್ಕ್ಯಾನ್, ಜೊತೆಗೆ ದ್ರವ ಹಾಕದ ಸಾದಾ ಸಿ.ಟಿ. ಅಥವಾ ಎಕ್ಸ್‌ರೇ ಸಾಕಾಗುತ್ತದೆಯೇ ಎಂದು ಕೇಳಿ. ಉಬ್ಬು ಕುಗ್ಗುತ್ತಿದ್ದರೆ ಬಹುಮಟ್ಟಿಗೆ ಸಾಕಾಗುತ್ತದೆ. ಮೊದಲ ವಾರ ಸಣ್ಣ ಜ್ವರ ಬಂದಿದ್ದರೆ ಅದು ಸ್ಟೆಂಟಿನ ಬಟ್ಟೆಗೆ ದೇಹ ತೋರುವ ಪ್ರತಿಕ್ರಿಯೆ. ಎರಡು ವಾರ ದಾಟಿಯೂ ಜ್ವರ ನಿಲ್ಲದಿದ್ದರೆ, ತೊಡೆಸಂದಿನಲ್ಲಿ ಮಿಡಿಯುವ ಗಂಟು ಕಂಡರೆ, ಒಂದು ಕಾಲು ತಣ್ಣಗಾಗಿ ನಡೆದಾಗ ಮೀನಖಂಡ ಹಿಡಿದುಕೊಂಡರೆ ಸ್ಟೆಂಟ್ ಹಾಕಿದಲ್ಲಿಗೇ ಅವತ್ತೇ ಕರೆದುಕೊಂಡು ಹೋಗಿ.